ಜೋಡಿ ವಿರೂಪಾಕ್ಷಪ್ಪನ ಐದು ಡಿಸ್ಕು

ಸಿಂಧನೂರಿನಲ್ಲಿ ವಿರೂಪಾಕ್ಷಪ್ಪ ಅಂತ ಕೂಗಿದರೆ ಓಣಿಗೆ ಇಬ್ಬರಾದರೂ ತಿರುಗಿ ನೋಡುತ್ತಿದ್ದರು. ಆದರೆ ಜೋಡಿ ವಿರೂಪಾಕ್ಷಪ್ಪ ಅಂದರೆ ಒಬ್ಬನೇ, ನೀರಿನ ಒಕ್ಕೂಟದ ಟೈಪಿಸ್ಟು. ಜೇಬಿನಲ್ಲಿ ಎರಡು ಪೆನ್ನು, ಮೂಗಿನ ಮೇಲೆ ಒಂದು ಚಷ್ಮಾ, ಚೀಲದಲ್ಲಿ ಅದರ ತಮ್ಮ. ಸೈಕಲ್ಲಿಗೆ ಎರಡು ಬೀಗ. ಮಳೆಯೇ ಅಪರೂಪವಾದ ಊರಿನಲ್ಲಿ ಎರಡು ಕೊಡೆ. ಯಾವ ವಸ್ತುವನ್ನೂ ಒಂಟಿಯಾಗಿ ನಂಬಬಾರದು ಅನ್ನುವುದು ಅವನ ಧರ್ಮ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಧರ್ಮ ಸರಿಯಾಗಿಯೇ ಇತ್ತು, ಆಚರಣೆಯಲ್ಲಿ ಮಾತ್ರ ಒಂದು ತೂತಿತ್ತು. ಎರಡು ಕೊಡೆಗಳನ್ನೂ ಅವನು ಒಂದೇ ಗೂಟಕ್ಕೆ ತೂಗುಹಾಕುತ್ತಿದ್ದ, ಕಳ್ಳ ಬಂದವನು ಎರಡನ್ನೂ ಒಯ್ದ. ಎರಡು ಬೀಗದ ಕೀಲಿಗಳನ್ನು ಒಂದೇ ದಾರಕ್ಕೆ ಕಟ್ಟಿ ಕಾಲುವೆಯಲ್ಲಿ ಬೀಳಿಸಿದ. ಆ ದಿನ ಮೈಲುದೂರ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಊರು ಸೇರಿದ್ದನ್ನು ಜನ ವರ್ಷಗಟ್ಟಲೆ ನೆನೆದು ನಕ್ಕರು.

ಎಲ್ಲಕ್ಕಿಂತ ದೊಡ್ಡದು ಮದುವೆಯ ಕತೆ. ಯಾರದೋ ಮದುವೆಯಲ್ಲಿ ತಾಳಿ ಕಳೆದುಹೋಗಿ ಗೋಳಾಟವಾಗಿದ್ದನ್ನು ಕೇಳಿದ್ದ ವಿರೂಪಾಕ್ಷಪ್ಪ, ತನ್ನ ಮದುವೆಗೆ ಅಕ್ಕಸಾಲಿಗನ ಬೆನ್ನು ಹತ್ತಿ ಎರಡು ತಾಳಿ ಮಾಡಿಸಿದ. ಎರಡನ್ನೂ ಒಂದೇ ಸಂಚಿಯಲ್ಲಿ ಹಾಕಿ ಜೋಪಾನವಾಗಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದ. ಲಿಂಗಸುಗೂರಿನಲ್ಲಿ ಇಳಿಯುವ ಗಡಿಬಿಡಿಯಲ್ಲಿ ಸಂಚಿ ಬಸ್ಸಿನಲ್ಲೇ ಉಳಿಯಿತು. ಹೆಣ್ಣಿನ ಊರಾದ ಗುರುಗುಂಟಾದ ಹಂದರದಲ್ಲಿ ಮುಹೂರ್ತ ಮೀರುತ್ತಿದೆ ಅಂತ ಹಿರಿಯರು ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಕೊಟ್ಟರು. ವಧು ಗದ್ದೆಮ್ಮ ತಲೆ ತಗ್ಗಿಸಿ ಕಟ್ಟಿಸಿಕೊಂಡಳು. ತಲೆ ತಗ್ಗಿಸಿದ್ದು ಅದೇ ಕೊನೆ.

"ಊರಾಗ ಎಲ್ಲಾರ ಗಂಡಂದಿರು ಒಂದೊಂದು ತಾಳಿ ತಂದ್ರು. ನನ್ನ ಗಂಡ ಎರಡು ಮಾಡಿಸಿದ್ದ. ನನಗ ಸಿಕ್ಕಿದ್ದು ಅರಿಶಿನ ಕೊಂಬು" ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಗಂಡನ ಕಡೆ ತಿರುಗಿ ಇನ್ನೊಂದು ಮಾತು ಸೇರಿಸುತ್ತಿದ್ದಳು: "ಎರಡು ಇಟ್ಟು ಒಂದೇ ಕಡಿ ಇಟ್ರ, ಅದು ಒಂದೇ ಅಲ್ಲೇನ್ರೀ?"

ಮೂವತ್ತು ವರ್ಷ ಈ ಪ್ರಶ್ನೆಗೆ ವಿರೂಪಾಕ್ಷಪ್ಪ ಉತ್ತರ ಕೊಡಲಿಲ್ಲ. ಗಂಡಸರಿಗೆ ಉತ್ತರ ಹೊಳೆಯದಿದ್ದಾಗ ಮಾಡುವಂತೆ ಅವನೂ ನೀರು ಕೇಳಿ ಕುಡಿದು ಹೊರಗೆ ಹೋಗುತ್ತಿದ್ದ.

ನೀರಿನ ಒಕ್ಕೂಟ ಅಂದರೆ ಕಾಲುವೆ ನೀರು ಯಾವ ಹೊಲಕ್ಕೆ ಯಾವ ದಿನ, ಎಷ್ಟು ತಾಸು ಅಂತ ಸರದಿ ಬರೆಯುವ ಕಚೇರಿ. ಕಾಲುವೆಯ ಮೇಲ್ಭಾಗದವರಿಗೆ ಸರದಿ ಇದ್ದರೂ ನೀರು, ಇಲ್ಲದಿದ್ದರೂ ನೀರು. ಕೊನೆಯ ಭಾಗದವರಿಗೆ ಮಾತ್ರ ಆ ಕಾಗದವೇ ಗಂಗಮ್ಮ. ತೊಂಬತ್ತನಾಲ್ಕರಲ್ಲಿ ಯಾವುದೋ ಪರದೇಶದ ಯೋಜನೆಯವರು ಬಂದು, ಒಂದು ನೆಟ್ಟಗಿನ ಪಾಯಖಾನೆ ಕೂಡ ಇಲ್ಲದ ಆ ಕಚೇರಿಗೆ ಕಪಾಟಿನಷ್ಟು ದೊಡ್ಡ ಕಂಪ್ಯೂಟರ್ ಕೊಟ್ಟು ಹೋದರು. ಅದರ ಎದೆಯಲ್ಲಿ ಸಾಲಾಗಿ ಐದು ಗೂಡು, ಗೂಡಿಗೊಂದು ಡಿಸ್ಕು, ಡಿಸ್ಕಿಗೊಂದು ಹಸಿರು ದೀಪ.

ಅದನ್ನು ಕೂರಿಸಲು ರಾಯಚೂರಿನಿಂದ ಬಂದವನು ದಾವಲ್‌ಸಾಬ್. ಮೊದಲು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ, ಆಮೇಲೆ ಹೈದರಾಬಾದಿನಲ್ಲಿ ಆರು ತಿಂಗಳು ಕಲಿತು ಕಂಪ್ಯೂಟರಿಗೆ ಬಡ್ತಿ ಪಡೆದವನು.

"ಇದಕ್ಕ ರೇಡ್ ಅಂತಾರ್ರೀ. ಐದರಾಗ ಒಂದು ಡಿಸ್ಕ್ ಸತ್ತರೂ ಫಿಕರ್ ಇಲ್ಲ. ಉಳಿದ ನಾಕು ಕೂಡಿ ಅದರಾಗ ಏನಿತ್ತು ಅಂತ ಬರೋಬ್ಬರಿ ಹೇಳತಾವು. ಹೊಸಾದು ಹಾಕಿದ್ರ ತಾವೇ ತುಂಬಿ ಕೊಡತಾವು."

ವಿರೂಪಾಕ್ಷಪ್ಪನ ಕಣ್ಣು ತುಂಬಿ ಬಂತು. ಐವತ್ತನಾಲ್ಕು ವರ್ಷ ಅವನನ್ನು ನೋಡಿ ನಕ್ಕ ಲೋಕದಲ್ಲಿ, ಅವನ ಹಾಗೆ ಯೋಚಿಸುವ ಒಂದು ಯಂತ್ರವನ್ನು ಯಾರೋ ದೂರದಲ್ಲಿ ಕೂತು ಕಟ್ಟಿದ್ದರು. "ಎರಡು ಸತ್ತರ?" ಅಂತ ಮಾತ್ರ ಕೇಳಿದ.

"ಒಮ್ಮೆಲೇ ಎರಡು ಹೋದ್ರ ಎಲ್ಲಾ ಹೋತ್ರೀ. ಆದ್ರ ಹಂಗ ಯಾಕ ಆಕ್ಕೈತಿ?"

ಮುಂದಿನ ಮೂರು ವರ್ಷ ಅವನು ಹರಕು ದಫ್ತರಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಹೊಲದ ಲೆಕ್ಕವನ್ನು ಕಂಪ್ಯೂಟರಿಗೆ ಒತ್ತಿದ. ಒಟ್ಟು ಹದಿನಾಲ್ಕು ಸಾವಿರದ ಇನ್ನೂರ ಹನ್ನೆರಡು. ಗೊರೇಬಾಳದ ಯಾವ ಗದ್ದೆಗೆ ಯಾವ ತೂಬಿನ ನೀರು, ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ನಿರಾಶ್ರಿತ ಬಂಗಾಲಿಗಳ ಗದ್ದೆಗೆ ಎಷ್ಟು ತಾಸು, ಎಲ್ಲ ಅವನ ಬೆರಳಿಗೆ ಬಾಯಿಪಾಠವಾಯಿತು. ಮುಗಿದ ದಿನವೇ ಕಾರ್ಯದರ್ಶಿ ನರಸಣ್ಣ ಗೆದ್ದಲು ಹತ್ತಿದ ಹಳೆಯ ದಫ್ತರಗಳನ್ನು ರದ್ದಿಗೆ ಹಾಕಿಸಿದ. ನರಸಣ್ಣ ಕೆಟ್ಟವನಲ್ಲ. ಅಚ್ಚುಕಟ್ಟು ಮನುಷ್ಯ, ಧೂಳು ಕಂಡರೆ ಆಗದು, ದೇವರೆಂದರೆ ಭಾರಿ ಭಕ್ತಿ. ಈ ಮೂರೂ ಗುಣ ಒಬ್ಬನಲ್ಲೇ ಕೂಡಿದರೆ ಏನಾಗುತ್ತದೆ ಅನ್ನುವುದು ಮುಂದೆ ತಿಳಿಯುತ್ತದೆ. ಗೋಡೆಗೆ ಅಂಟಿಸಿದ ಸರದಿ ಪಟ್ಟಿಗಳೂ ಉಳಿಯುತ್ತಿರಲಿಲ್ಲ, ಸರದಿ ಮನಸ್ಸಿಗೆ ಬಾರದವರು ಹರಿದುಕೊಂಡು ಹೋಗುತ್ತಿದ್ದರು. ಹೀಗಾಗಿ ಊರಿನ ನೀರಿನ ಲೆಕ್ಕವೆಲ್ಲ ಆ ಐದು ಗೂಡಿನಲ್ಲಿ ಮಾತ್ರ ಇತ್ತು.

ತೊಂಬತ್ತೇಳರ ದಸರೆಯ ವಾರಕ್ಕೆ ಮುಂಚೆ ಯಂತ್ರ ಮಾಡಿದವರಿಂದ ಒಂದು ಫ್ಲಾಪಿ, ಒಂದು ಕಾಗದ ಬಂತು. ದಾವಲ್‌ಸಾಬ್ ಓದಿ ಹೇಳಿದ. ಪ್ರತಿ ಡಿಸ್ಕಿನ ಒಳಗೂ ಅದು ಹೇಗೆ ತಿರುಗಬೇಕು, ಹೇಗೆ ಬರೆಯಬೇಕು ಅಂತ ತಿಳಿಸುವ ಸಣ್ಣ ಬುದ್ಧಿಯೊಂದು ಇರುತ್ತದೆ, ಅದಕ್ಕೆ ಫರ್ಮ್‌ವೇರ್ ಅನ್ನುತ್ತಾರೆ. ಈ ತಂಡದ ಡಿಸ್ಕುಗಳ ಬುದ್ಧಿಯಲ್ಲಿ ಒಂದು ಐಬು ಇದೆ. ಇಷ್ಟು ಸಾವಿರ ತಾಸು ಓಡಿದ ಮೇಲೆ ಒಮ್ಮೆ ಆರಿಸಿದರೆ ಮತ್ತೆ ಏಳದೆ ಇರಬಹುದು. ಐದಕ್ಕೂ ಹೊಸ ಬುದ್ಧಿ ಹಾಕಬೇಕು.

ಅದೇ ಹೊತ್ತಿಗೆ ಗದ್ದೆಮ್ಮ ಬುತ್ತಿ ತಂದಿದ್ದಳು. ರೊಟ್ಟಿ ಗಂಟು ಬಿಚ್ಚುತ್ತ ಎಲ್ಲ ಕೇಳಿಸಿಕೊಂಡಳು.

"ಐದೂ ಒಂದೇ ದಿನ ಹುಟ್ಟಿದವು, ಒಂದೇ ಡಬ್ಬ್ಯಾಗ ಕುಂತಾವು" ಎಂದಳು. "ಒಂದಕ್ಕ ಬಂದ ಬ್ಯಾನಿ ಐದಕ್ಕೂ ಬರಲಾರದ ಬಿಡ್ತೈತೇನು?"

ದಾವಲ್‌ಸಾಬ್ ಕಾಗದವನ್ನು ಇನ್ನೊಮ್ಮೆ ನೋಡಿದ. "ಅಮ್ಮಾರ, ಇಲ್ಲಿ ಎರಡು ಪುಟ ಬರದಿದ್ದು ಅದೇ ಐತ್ರೀ" ಅಂದ.

ಮಾಡುವ ಕ್ರಮವೂ ಅದರಲ್ಲಿತ್ತು. ಮೊದಲು ಎಲ್ಲವನ್ನೂ ಟೇಪಿಗೆ ನಕಲು ಮಾಡಬೇಕು, ನಕಲನ್ನು ಓದಿ ನೋಡಬೇಕು. ಆಮೇಲೆ ಒಂದೇ ಒಂದು ಡಿಸ್ಕು ತೆಗೆದು, ಪಕ್ಕದ ಸಣ್ಣ ಕಂಪ್ಯೂಟರಿಗೆ ಸಿಕ್ಕಿಸಿ ಫ್ಲಾಪಿಯಿಂದ ಹೊಸ ಬುದ್ಧಿ ಹಾಕಿ, ಮತ್ತೆ ಅದರದೇ ಗೂಡಿನಲ್ಲಿ ಇಡಬೇಕು. ಉಳಿದ ನಾಲ್ಕು ಅದನ್ನು ತುಂಬಿಸಿ ಹಸಿರು ದೀಪ ಬರುವ ತನಕ ಎರಡನೆಯದಕ್ಕೆ ಕೈ ಹಚ್ಚಬಾರದು. ಗೂಡು ಅದಲುಬದಲಾಗಲೇಬಾರದು. ಎಲ್ಲ ಕಲಿಸಿಕೊಟ್ಟು ದಾವಲ್‌ಸಾಬ್ ರಾಯಚೂರಿಗೆ ಮರಳಿದ.

ವಿರೂಪಾಕ್ಷಪ್ಪ ಸೋಮವಾರ ಎರಡು ಟೇಪು ಮಾಡಿದ. ಒಂದನ್ನು ಓದಿ ನೋಡಿದ, ಸರಿ ಇತ್ತು. ಇನ್ನೊಂದೂ ಅದೇ ತಾನೇ ಅಂತ ಬಿಟ್ಟ. ಎರಡನ್ನೂ ಕಾಗದದ ಪೊಟ್ಟಣ ಮಾಡಿ ಒಂದೇ ತಗಡಿನ ಡಬ್ಬಿಯಲ್ಲಿ ಹಾಕಿ ಅಲ್ಮಾರದಲ್ಲಿ ಇಟ್ಟ. ಪ್ರತಿ ಡಿಸ್ಕಿಗೂ ಗೂಡಿನ ನಂಬರ್ ಬರೆದು ಎರಡೆರಡು ಚೀಟಿ ಅಂಟಿಸಿದ, ಎರಡೂ ಮುಂಭಾಗಕ್ಕೆ, ಒಂದರ ಪಕ್ಕ ಒಂದು. ಕರೆಂಟು ಹೋದರೆ ಅಂತ ಎರಡು ಬ್ಯಾಟರಿ ಪೆಟ್ಟಿಗೆ ತರಿಸಿ ಎರಡನ್ನೂ ಒಂದೇ ಪ್ಲಗ್ಗಿಗೆ ಕೊಟ್ಟ. ನೋಡಿದ ಗದ್ದೆಮ್ಮನಿಗೆ ಹೇಳಿ ಹೇಳಿ ಬಾಯಿ ಸೋತಿತ್ತು.

ಬುಧವಾರ ಮೊದಲ ಡಿಸ್ಕು, ಗುರುವಾರ ಎರಡನೆಯದು. ಬೆಳಿಗ್ಗೆ ಇಟ್ಟರೆ ಸಂಜೆಗೆ ಹಸಿರು ದೀಪ. ವಿರೂಪಾಕ್ಷಪ್ಪ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದನ್ನು ನೋಡಿದ ನರಸಣ್ಣ, "ಹಡಿಯೋ ಎಮ್ಮಿ ಮುಂದ ಕುಂತಂಗ ಕುಂತೀರಲ್ರೀ" ಎಂದು ನಕ್ಕ. ನಗುತ್ತಲೇ, ಡಿಸ್ಕಿನ ಹಿಡಿ ಎಳೆದರೆ ಅದು ಎಷ್ಟು ಸಲೀಸಾಗಿ ಹೊರಗೆ ಬರುತ್ತದೆ ಅನ್ನುವುದನ್ನೂ ನೋಡಿಕೊಂಡ.

ಶುಕ್ರವಾರ ಆಯುಧ ಪೂಜೆ. ನಮ್ಮ ಕಡೆ ಆ ದಿನ ಕೊಡಲಿಗೆ, ಕುಡುಗೋಲಿಗೆ, ಟ್ರ್ಯಾಕ್ಟರಿಗೆ, ಹೊಲಿಗೆ ಮಷೀನಿಗೆ ಎಲ್ಲಕ್ಕೂ ವಿಭೂತಿ ಕುಂಕುಮ. ಒರೆಯಲ್ಲಿದ್ದದ್ದನ್ನು ಹೊರಗೆ ತೆಗೆದು, ತೊಳೆದು, ಮಣೆಯ ಮೇಲೆ ಸಾಲಾಗಿ ಇಟ್ಟರೇ ಪೂಜೆ. ವಿರೂಪಾಕ್ಷಪ್ಪ ಮನೆಯ ಪೂಜೆ ಮುಗಿಸಿ ಕಚೇರಿಗೆ ಹತ್ತು ಗಂಟೆಗೆ ಬಂದ. ಬಾಗಿಲಿಗೆ ತೋರಣ, ಒಳಗೆ ಊದಿನಕಡ್ಡಿಯ ಹೊಗೆ. ಕಂಪ್ಯೂಟರಿಗೆ ಚೆಂಡು ಹೂವಿನ ಹಾರ. ಐದು ಡಿಸ್ಕಿನ ಮೇಲೂ ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ಒಂದು ದೀಪವೂ ಹಸಿರಿರಲಿಲ್ಲ.

"ನರಸಣ್ಣಾರ," ಎಂದ ವಿರೂಪಾಕ್ಷಪ್ಪ, "ಇವನ್ನ ಹೊರಗ ತಗದಿದ್ರೇನು?"

"ಮತ್ತ? ಗೂಡಿನಾಗ ಇದ್ದದ್ದಕ್ಕ ಪೂಜಿ ಮುಟ್ತೈತೇನ್ರೀ? ಐದೂ ಮಣಿ ಮ್ಯಾಲಿಟ್ಟು ಬರೋಬ್ಬರಿ ಒದ್ದಿ ಅರಿವಿಲೆ ಒರಸೀನಿ. ಏನೋ ಹಳೇ ಚೀಟಿ ಅಂಟಿದ್ವು, ಕಿತ್ತು ಸ್ವಚ್ಛ ಮಾಡೀನಿ."

"ಎರಡೂ ಚೀಟಿ?"

"ಹೂನ್ರೀ. ಒಂದು ಕಿತ್ತು ಒಂದು ಬಿಟ್ರ ಹೊಲಸ ಕಾಣಂಗಿಲ್ಲೇನು?"

"ಯಾವ್ದು ಯಾವ ಗೂಡಿನಾಗ ಇತ್ತು?"

"ಎಲ್ಲಾ ಒಂದೇ ನಮೂನಿ ಅದಾವಲ್ರೀ" ಎಂದ ನರಸಣ್ಣ, ಪ್ರಸಾದದ ಕೊಬ್ಬರಿ ಕೊಡುತ್ತ.

ವಿರೂಪಾಕ್ಷಪ್ಪ ಓಡಿ ಅಲ್ಮಾರ ತೆರೆದ. ಅಲ್ಮಾರದೊಳಗಿದ್ದದ್ದಕ್ಕೂ ಪೂಜೆ ಆಗಿತ್ತು. ತಗಡಿನ ಡಬ್ಬಿಯ ಮುಂದೆ ಕಾಯಿ ಒಡೆದಿದ್ದರು, ಮುಚ್ಚಳ ತೆರೆದೇ ಒಡೆದಿದ್ದರು. ಮೇಲಿನ ಟೇಪು ಕಾಯಿ ನೀರಿನಲ್ಲಿ ಮುಳುಗಿ ಕುಂಕುಮ ಕಲಸಿಕೊಂಡಿತ್ತು. ಕೆಳಗಿನ ಪೊಟ್ಟಣ ಎತ್ತಿದ, ಹಗುರವಿತ್ತು. ಬಿಚ್ಚಿದರೆ ಒಳಗೆ ಒಂದು ಅಡಿಕೆ ಮಾತ್ರ.

ರಾಯಚೂರಿಗೆ ಎಸ್‌ಟಿಡಿ ಹಚ್ಚಿದ. ದಾವಲ್‌ಸಾಬ್ ಆ ಕಡೆಯಿಂದ ಲೆಕ್ಕ ಹಾಕಿದ. "ಐದು ಡಿಸ್ಕು ನೂರಿಪ್ಪತ್ತು ರೀತಿ ಕೂಡಿಸಬಹುದ್ರೀ," ಎಂದ ಆಮೇಲೆ, "ತಪ್ಪು ಕೂಡಿಸಿ ಅದು ಬರಿಯಾಕ ಚಾಲೂ ಮಾಡಿತಂದ್ರ ಇದ್ದದ್ದೂ ಹೋಗ್ತೈತಿ. ಏನು ಕೇಳಿದ್ರೂ ಹೂಂ ಅಂತ ಒತ್ತಬ್ಯಾಡ್ರೀ. ಟೇಪ್ ಐತಲ್ಲ, ನಾ ಐತವಾರ ಬರ್ತೀನಿ."

ಒಂದು ಟೇಪು ಕಾಯಿ ನೀರಿನಲ್ಲಿ, ಇನ್ನೊಂದು ಕಾಣೆ ಅನ್ನುವುದನ್ನು ಹೇಳದೆಯೇ ವಿರೂಪಾಕ್ಷಪ್ಪ ಫೋನು ಇಟ್ಟ. ಸೋಮವಾರ ಸರದಿ ಹಚ್ಚಬೇಕು. ಭತ್ತ ಹೊಡೆ ತುಂಬುವ ಹೊತ್ತು, ಈಗ ನೀರು ತಪ್ಪಿದರೆ ಕೊನೆಯ ಭಾಗದವರಿಗೆ ಸಿಗುವುದು ಜೊಳ್ಳು. ಪಟ್ಟಿ ಇಲ್ಲ ಅಂತ ಗೊತ್ತಾದ ಗಳಿಗೆಯಲ್ಲಿ ಮೇಲಿನವರು ತೂಬಿಗೆ ಹೋಗಿ ಕೂರುತ್ತಾರೆ, ಕೆಳಗಿನವರು ಬಡಿಗೆ ಹಿಡಿದು ಬರುತ್ತಾರೆ. ಅವನ ನಿವೃತ್ತಿಗೆ ಇನ್ನು ಐದು ತಿಂಗಳು. ಜೀವನವಿಡೀ ಎಲ್ಲವನ್ನೂ ಎರಡೆರಡು ಇಟ್ಟವನು ಹದಿನಾಲ್ಕು ಸಾವಿರ ಹೊಲದ ನೀರು ಕಳೆದ ಅಂತ ಊರು ಹೇಳುತ್ತದೆ, ಮತ್ತು ಅದು ನಿಜವೂ ಆಗಿರುತ್ತದೆ.

ಮನೆಯಲ್ಲಿ ಗದ್ದೆಮ್ಮ ಹೋಳಿಗೆ ಬೇಯಿಸುತ್ತಿದ್ದಳು. ಅವನು ಗೋಡೆಗೆ ಒರಗಿ ಕೂತು ಎಲ್ಲ ಹೇಳಿದ. ಅವಳು ಎಡೆ ಹಾಕಿ, "ಮೊದಲ ಉಣ್ರಿ" ಎಂದಳು.

"ಹೆಂಗ ಉಣ್ಲಿ? ಪೊಟ್ಟಣದಾಗ ಅಡಿಕಿ ಐತಿ!"

"ನಾನ ಇಟ್ಟೀನಿ. ಖಾಲಿ ಇಡಬಾರದಂತ."

ಅವಳು ಎಡೆಯ ಹೋಳಿಗೆಗೆ ತುಪ್ಪ ಹಾಕಿದಳು.

"ಬುಧವಾರ ಬುತ್ತಿ ತಂದಾಗ ಒಂದು ತಗೊಂಡು ರೊಟ್ಟಿ ಅರಿವ್ಯಾಗ ಕಟ್ಕೊಂಡು ಬಂದೆ. ನಿನ್ನಿ ಹಬ್ಬದ ಸೀರಿ ಕೊಡಾಕ ಮಸ್ಕಿಗೆ ಹೋಗಿದ್ನಲ್ರೀ, ತಂಗಿ ಆದಮ್ಮನ ಟ್ರಂಕಿನಾಗ ಇಟ್ಟು ಬಂದೀನಿ. ನಿಮಗ ಹೇಳಿದ್ರ ಎರಡನ್ನೂ ಅಲ್ಲಿಗೇ ಒಯ್ದು ಇಡತಿದ್ರಿ."

ವಿರೂಪಾಕ್ಷಪ್ಪ ನಾಲ್ಕು ಹೋಳಿಗೆ ತಿಂದ. ಐದನೆಯದಕ್ಕೆ ಕೈ ಹಾಕುವಾಗ ಅವನಿಗೆ ಇನ್ನೊಂದು ಮಾತು ನೆನಪಾಯಿತು. ತಾನು ಓದಿ ನೋಡಿದ್ದು ಒಂದು ಟೇಪನ್ನು ಮಾತ್ರ. ಕಾಯಿ ನೀರು ಕುಡಿದದ್ದು ಅದೋ, ಮಸ್ಕಿಗೆ ಹೋದದ್ದು ಅದೋ?

ಮರುದಿನ ದಶಮಿ. ಮಸ್ಕಿಯ ಆದಮ್ಮನ ಮನೆಗೆ ಹೋದರೆ ಆಕೆಗೆ ಯಾವ ಅವಸರವೂ ಇಲ್ಲ. ಅಕ್ಕನ ಗಂಡ ಹಬ್ಬಕ್ಕೆ ಬಂದಿದ್ದಾನೆ ಅಂತ ಕಾಲಿಗೆ ನೀರು, ಕೈಗೆ ಬನ್ನಿ ಎಲೆ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಮಾವ" ಎಂದು ಮನೆಮಂದಿ ಎಲ್ಲರೂ ಒಬ್ಬೊಬ್ಬರಾಗಿ ಬಂದು ಕೊಟ್ಟರು. ಅವನು ಎಲ್ಲರಿಗೂ ಬಂಗಾರವಾಗಿ, ಕೊನೆಗೆ ಹಲ್ಲು ಕಚ್ಚಿ ಕೇಳಿದ: "ಆದಮ್ಮ, ಟ್ರಂಕು?"

ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ, ಟೇಪು ಬೆಚ್ಚಗೆ ಮಲಗಿತ್ತು.

"ಇದಕ್ಕ ನಿನ್ನಿ ಪೂಜಿ ಮಾಡೀಯೇನವ್ವಾ?" ಎಂದು ಹೆದರುತ್ತ ಕೇಳಿದ.

"ಇಲ್ರೀ ಮಾವ. ಇದು ಇಲ್ಲೈತಿ ಅಂತ ದೇವರಿಗೂ ಹೇಳಬ್ಯಾಡ ಅಂದಿದ್ಲು ಅಕ್ಕ."

ಐತವಾರ ದಾವಲ್‌ಸಾಬ್ ಬಂದಾಗ ಕಚೇರಿಯಲ್ಲಿ ಒಂದು ಬ್ಯಾಟರಿ ಪೆಟ್ಟಿಗೆ ಕಚೇರಿಯ ಪ್ಲಗ್ಗಿಗೆ, ಇನ್ನೊಂದು ಕಿಟಕಿಯಿಂದ ಹಾಯಿಸಿದ ವೈರಿನಲ್ಲಿ ಪಕ್ಕದ ಹಿಟ್ಟಿನ ಗಿರಣಿಗೆ ಕೊಟ್ಟಿತ್ತು. ಗದ್ದೆಮ್ಮ ಬಾಗಿಲಲ್ಲಿ ಕೂತಿದ್ದಳು. ನರಸಣ್ಣ ದೂರದಲ್ಲಿ ಕೈ ಕಟ್ಟಿ ನಿಂತಿದ್ದ, ಏನನ್ನೂ ಒರೆಸಬಾರದು ಅಂತ ಅವನಿಗೆ ತಾಕೀತಾಗಿತ್ತು.

"ದೊಡ್ಡ ಮಷೀನ್ ಅಳಿಸಿ ಹೊಸದಾಗಿ ಕಟ್ಟೂಣು, ಆಮ್ಯಾಲ ಟೇಪಿಂದ ತುಂಬೂಣು" ಎಂದ ದಾವಲ್‌ಸಾಬ್.

"ಅಳಿಸೂದು ಆಮ್ಯಾಗ" ಎಂದ ವಿರೂಪಾಕ್ಷಪ್ಪ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಮಾತಿನಲ್ಲಿ ಗದ್ದೆಮ್ಮನ ದನಿ ಇತ್ತು. "ಮೊದಲ ಟೇಪು ಸಣ್ಣ ಕಂಪ್ಯೂಟರಿಗೆ ಓದಿಸು. ಅನ್ನ ಬೆಂದೈತೋ ಇಲ್ಲೋ ಒಂದು ಅಗಳು ಹಿಚುಕಿ ನೋಡಿದ ಮ್ಯಾಲ ಗಂಜಿ ಬಸಿಯೂಣು."

ಟೇಪು ತಿರುಗಿತು. ಕಿರ್ರೆಂದಿತು. ನಡುವೆ ನಿಂತಿತು. ಕಚೇರಿಯ ಕರೆಂಟು ಹೋಯಿತು, ಬೇರೆ ಲೈನಿನಲ್ಲಿದ್ದ ಗಿರಣಿಯ ಕಡೆಯದು ಉಳಿಯಿತು. ಟೇಪು ಮತ್ತೆ ತಿರುಗಿತು. ಪರದೆಯ ಮೇಲೆ ಅಂಕಿ ಓಡಿ, ಓಡಿ, ನಿಂತಿತು: 14,212.

ಅವನು ಎದ್ದು ಕಿಟಕಿಯ ಕಡೆ ಮುಖ ತಿರುಗಿಸಿ ಚಷ್ಮಾ ಒರೆಸಿಕೊಂಡ. ಆಮೇಲೆ ಇನ್ನೊಂದು ಚಷ್ಮಾ ತೆಗೆದು ಅದನ್ನೂ ಒರೆಸಿದ. ಹೊಸ ಟೇಪಿಗೆ ಒಂದು ನಕಲು ಮಾಡಿಸಿ, ಅದನ್ನೂ ಓದಿಸಿ ನೋಡಿ, ಗದ್ದೆಮ್ಮನ ಕೈಗೆ ಕೊಟ್ಟು ಮನೆಗೆ ಕಳಿಸಿದ. ಅವಳು ಮನೆ ಮುಟ್ಟಿರಬೇಕು ಅನ್ನುವಷ್ಟು ಹೊತ್ತು ಕಾದ ಮೇಲೆಯೇ ಅಳಿಸಲು ಬಿಟ್ಟ. ಐದೂ ಖಾಲಿಯಾಗಿದ್ದರಿಂದ ಉಳಿದ ಮೂರಕ್ಕೆ ಒಂದು ತಾಸಿನಲ್ಲಿ ಹೊಸ ಬುದ್ಧಿ ಹಾಕಿದ್ದಾಯಿತು. "ಖಾಲಿ ಗಡಿಗಿ ಒಡದೀತು ಅಂತ ಯಾರರ ಅಳತಾರೇನ್ರೀ" ಎಂದ ದಾವಲ್‌ಸಾಬ್. ರಾತ್ರಿ ಟೇಪಿನಿಂದ ಲೆಕ್ಕವೆಲ್ಲ ಮರಳಿ ತುಂಬಿತು. ಸೋಮವಾರ ಬೆಳಿಗ್ಗೆ ಸರದಿ ಪಟ್ಟಿ ಗೋಡೆಗೆ ಹತ್ತಿತು, ಕೊನೆಯ ಭಾಗದ ಗದ್ದೆಗೆ ನೀರು ಹೋಯಿತು. ನರಸಣ್ಣ ಬಂದವರಿಗೆಲ್ಲ, "ಪೂಜಿ ಮಾಡಿದ್ದಕ್ಕ ಎಲ್ಲಾ ಸುಸೂತ್ರ ಆತು ನೋಡ್ರಿ" ಎಂದು ಹೇಳಿದ. ಅವನ ಭಕ್ತಿಗೆ ಒಂದು ಕೂದಲೂ ಕೊಂಕಿರಲಿಲ್ಲ.

ತಡವಾಗಿ ಬುದ್ಧಿ ಬಂದವರಿಗೆ ಅದು ತುಸು ಜಾಸ್ತಿಯೇ ಬರುತ್ತದೆ. ನಿವೃತ್ತನಾದ ವಿರೂಪಾಕ್ಷಪ್ಪ ಮನೆಯ ವಸ್ತುಗಳನ್ನೆಲ್ಲ ಊರೂರಿಗೆ ಹಂಚತೊಡಗಿದ. ಒಂದು ಚಷ್ಮಾ ಮಸ್ಕಿಯಲ್ಲಿ, ಒಂದು ಕೊಡೆ ಗೊರೇಬಾಳದಲ್ಲಿ, ಮನೆಯ ಎರಡನೇ ಕೀಲಿ ಲಿಂಗಸುಗೂರಿನ ಮಗಳ ಮನೆಯಲ್ಲಿ. ಒಮ್ಮೆ ಇದ್ದ ಕೀಲಿ ಕಳೆದು, ಗಂಡ ಹೆಂಡತಿ ಅರ್ಧ ದಿನ ಕಟ್ಟೆಯ ಮೇಲೆ ಕೂತು ಲಿಂಗಸುಗೂರಿನ ಬಸ್ಸಿನ ದಾರಿ ಕಾದರು.

ಮುಂದಿನ ವರ್ಷ ಮೊಮ್ಮಗಳ ತೊಟ್ಟಿಲಿಗೆ ಲಿಂಗಸುಗೂರಿಗೆ ಹೊರಡಬೇಕು. ಬಸ್‌ಸ್ಟ್ಯಾಂಡಿನಲ್ಲಿ ಅವನು ಗದ್ದೆಮ್ಮನ ಕೈಗೆ ಒಂದೇ ಟಿಕೆಟ್ಟಿನ ರೊಕ್ಕ ಕೊಟ್ಟ.

"ನೀ ಎಂಟರ ಬಸ್ಸಿಗೆ ಹೋಗು. ನಾ ಒಂಬತ್ತರ ಬಸ್ಸಿಗೆ ಬರ್ತೀನಿ."

"ಯಾಕ?"

"ಇಬ್ರೂ ಒಂದೇ ಬಸ್ಸಿನಾಗ ಕುಂತು ಏನರ ಆತಂದ್ರ? ಮಗಳಿಗೆ ಒಬ್ರರ ಉಳೀಬೇಕಲ್ಲ. ಎರಡು ಒಂದೇ ಕಡಿ ಇಡಬಾರದು ಅಂತ ನೀನ ಹೇಳೀದಿ."

ಗದ್ದೆಮ್ಮ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಗಂಟು ಎತ್ತಿಕೊಂಡು ಬಸ್ಸು ಹತ್ತಿದಳು. ಬಸ್ಸು ಹೋಯಿತು. ಅವನು ಒಂದು ತಾಸು ಕಲ್ಲು ಬೆಂಚಿನ ಮೇಲೆ ಕೂತ. ಚಹಾ ಕುಡಿದ, ರುಚಿ ಹತ್ತಲಿಲ್ಲ. ಒಂಬತ್ತರ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ. ಲಿಂಗಸುಗೂರಿಗೆ ಹೋಗುವ ಅದೇ ದಾರಿ, ಮೂವತ್ತೊಂದು ವರ್ಷದ ಹಿಂದೆ ಸಂಚಿ ಹಿಡಿದು ಹೋದ ದಾರಿ. ತೊಡೆ ಯಾಕೋ ಬರಿದಾಗಿ ಕಂಡಿತು.

ಮಸ್ಕಿಯಲ್ಲಿ ಬಸ್ಸು ನಿಂತಾಗ, ಬಿಸಿಲಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ತೊಟ್ಟಿಲ ಶಾಸ್ತ್ರದ ಗಂಟು ಹಿಡಿದು ಗದ್ದೆಮ್ಮ ನಿಂತಿದ್ದಳು. ಎಂಟರ ಬಸ್ಸಿನಿಂದ ಇಲ್ಲೇ ಇಳಿದುಬಿಟ್ಟಿದ್ದಳು. ಜನರನ್ನು ನೂಕಿಕೊಂಡು ಬಂದು, "ಸರೀರಿ" ಎಂದು ಅವನನ್ನು ಸರಿಸಿ ಪಕ್ಕದಲ್ಲಿ ಕೂತಳು.

"ಏನಿದು ನಿಂದು?" ಎಂದ ಅವನು. "ಏನರ ಆತಂದ್ರ?"

"ಎರಡು ಇದ್ದದ್ದನ್ನ ಎರಡು ಕಡಿ ಇಡಬೇಕ್ರೀ. ನಾ ಒಬ್ಬಾಕಿ, ನೀವು ಒಬ್ಬಾತ. ಆವಾಗ ಎರಡು ತಾಳಿ ಬಸ್ಸಿನಾಗ ಬಿಟ್ಟು ಬಂದ್ರಿ, ನಾ ಏನೂ ಅನ್ಲಿಲ್ಲ. ಈಗ ಹೆಂಡ್ತೀನ್ನೂ ಬಸ್ಸಿನಾಗ ಬಿಡತೀರೇನು?"

ಈ ಸಲವೂ ವಿರೂಪಾಕ್ಷಪ್ಪನಿಗೆ ಉತ್ತರ ಹೊಳೆಯಲಿಲ್ಲ. ಕುಡಿಯಲು ನೀರೂ ಇರಲಿಲ್ಲ, ಎದ್ದು ಹೋಗಲು ಹೊರಗೂ ಇರಲಿಲ್ಲ. ಅವಳ ತೊಡೆಯ ಮೇಲಿದ್ದ ಗಂಟನ್ನು ತಗೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಲಿಂಗಸುಗೂರಿನಲ್ಲಿ ಇಳಿಯುವ ತನಕ ಅದರ ಮೇಲಿಂದ ಒಂದು ಕೈಯನ್ನೂ, ಅವಳ ಸೆರಗಿನ ಮೇಲಿಂದ ಇನ್ನೊಂದನ್ನೂ ತೆಗೆಯಲಿಲ್ಲ.